ಹಾಜರಿ ಪುಸ್ತಕದಲ್ಲಿ ಇಲ್ಲದ ವಿದ್ಯಾರ್ಥಿ

ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ಗೆ ಹೋದವರು ಸಾಮಾನ್ಯವಾಗಿ ಶೇಕ್ಸ್‌ಪಿಯರ್ ಹುಟ್ಟಿದ ಮನೆ ನೋಡಿ, ಏವನ್ ನದಿಯ ಹಂಸಗಳ ಫೋಟೋ ತೆಗೆದು ವಾಪಸ್ ಬರುತ್ತಾರೆ. ನಮ್ಮ ಭಾವನಿಗೆ ಮಾತ್ರ ಶೇಕ್ಸ್‌ಪಿಯರ್ ಓದಿದ ಶಾಲೆಯನ್ನೇ ನೋಡಬೇಕಿತ್ತು. ಅಕ್ಕನ ಮಗ ಬರುವ ಸೆಪ್ಟೆಂಬರ್‌ನಲ್ಲಿ ಇಲೆವೆನ್ ಪ್ಲಸ್ ಪರೀಕ್ಷೆ, ಅಂದರೆ ಗ್ರಾಮರ್ ಸ್ಕೂಲ್ ಅನ್ನೋ ಆಯ್ದ ಸರ್ಕಾರಿ ಶಾಲೆಗಳಿಗೆ ಸೇರುವ ಪರೀಕ್ಷೆ, ಬರೆಯಬೇಕು. ಭಾವನ ಪಟ್ಟಿಯಲ್ಲಿ ಮೊದಲ ಹೆಸರು ಕಿಂಗ್ ಎಡ್ವರ್ಡ್ ಸಿಕ್ಸ್ತ್ ಶಾಲೆ. ಅಲ್ಲಿಯವರ ಬಾಯಲ್ಲಿ ಕೆಇಎಸ್.

ಚರ್ಚ್ ಸ್ಟ್ರೀಟಿನ ಆ ಕಟ್ಟಡಕ್ಕೆ 600 ವರ್ಷ ವಯಸ್ಸು. ಕಪ್ಪು ಮರದ ತೊಲೆಗಳು, ನಡುವೆ ಬಿಳಿ ಗೋಡೆ. ಕೆಳಗೆ ಊರಿನ ಗಿಲ್ಡ್ ಅನ್ನೋ ಧಾರ್ಮಿಕ ಸಂಘದವರು ಸೇರುತ್ತಿದ್ದ ಹಾಲ್, ಮೇಲೆ ಶಾಲೆಯ ಕೋಣೆ. 2016ರಿಂದ ಜನರು ನೋಡಲು ತೆರೆದಿದ್ದಾರೆ. ಆದರೆ ಇದು ಬರೀ ಮ್ಯೂಸಿಯಂ ಅಲ್ಲ. ಶಾಲೆ ಇರುವ ದಿನಗಳಲ್ಲಿ ಬೆಳಿಗ್ಗೆ ಹುಡುಗರಿಗೆ ಅಲ್ಲೇ ಪಾಠ ನಡೆಯುತ್ತದೆ, ಆಮೇಲೆ ನಮ್ಮಂಥವರಿಗೆ ಪ್ರವೇಶ. ನಾವು ಹೋಗಿದ್ದು ಶನಿವಾರ.

ಮೇಲಿನ ಕೋಣೆಯಲ್ಲಿ ಹಳೇ ಕಾಲದ ಮೇಷ್ಟ್ರ ವೇಷದಲ್ಲಿ ಒಬ್ಬರು ನಿಂತಿದ್ದರು. ಬಂದವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿ ಲ್ಯಾಟಿನ್ ಪಾಠ ಶುರು ಮಾಡಿದರು. ಆ ಕಾಲದ ಇಂಥ ಶಾಲೆಗಳಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೇ ಪಾಠ, ಮುಗಿಯುವಾಗ ಸಂಜೆ. ವ್ಯಾಕರಣ ಬಾಯಿಪಾಠ ಮಾಡಬೇಕು, ತಪ್ಪಿದರೆ ಬರ್ಚ್ ಕಡ್ಡಿಯ ಏಟು. ಅಕ್ಕನ ಮಗ ಗರಿಯ ಲೇಖನಿಯಿಂದ ಬರೆಯಲು ಹೋಗಿ ಶರ್ಟಿಗೆಲ್ಲ ಮಸಿ ಮಾಡಿಕೊಂಡ. ಭಾವ ಮಾತ್ರ ಗಂಭೀರವಾಗಿ ಲ್ಯಾಟಿನ್ ಹೇಳುತ್ತಿದ್ದರು, ಸೀಟು ಅಲ್ಲೇ ಸಿಗುತ್ತದೆ ಅನ್ನೋ ಹಾಗೆ.

ತಮಾಷೆ ಏನೆಂದರೆ, ಶೇಕ್ಸ್‌ಪಿಯರ್ ಇಲ್ಲಿ ಓದಿದ ಅನ್ನೋದಕ್ಕೆ ದಾಖಲೆಯೇ ಇಲ್ಲ. ಆ ಕಾಲದ ವಿದ್ಯಾರ್ಥಿಗಳ ಪಟ್ಟಿ ಉಳಿದಿಲ್ಲ. ಆದರೂ ಯಾರೂ ಅಷ್ಟಾಗಿ ಅನುಮಾನ ಪಡೋದಿಲ್ಲ. ಮನೆ ಇದ್ದ ಹೆನ್ಲಿ ಸ್ಟ್ರೀಟ್ ಕೆಲವೇ ನಿಮಿಷದ ನಡಿಗೆ. ಅಪ್ಪ ಜಾನ್ ಕೈಗವಸು ಹೊಲಿಯುತ್ತಿದ್ದರೂ ಊರಿನ ಆಡಳಿತದಲ್ಲಿ ಮೇಲೇರಿ 1568ರಲ್ಲಿ ಬೇಲಿಫ್, ಅಂದರೆ ಊರಿಗೆ ಮೇಯರ್ ಇದ್ದ ಹಾಗೆ, ಆಗಿದ್ದ. ಅಂಥವನ ಮಗ ಪುಕ್ಕಟೆ ಶಾಲೆ ಬಿಟ್ಟು ಇನ್ನೆಲ್ಲಿಗೆ ಹೋಗಬೇಕು?

ಈ ಜಾನ್ ಬಗ್ಗೆ ಕೇಳಿದ್ದೇ ನನಗೆ ಜಾಸ್ತಿ ಹಿಡಿಸಿತು. ಪಕ್ಕದ ಗಿಲ್ಡ್ ಚಾಪೆಲ್‌ನ ಗೋಡೆಗಳ ತುಂಬ ಹಳೇ ಚಿತ್ರಗಳಿದ್ದವು. ದೇಶ ಕ್ಯಾಥೊಲಿಕ್ ಪಂಥ ಬಿಟ್ಟು ಪ್ರಾಟೆಸ್ಟೆಂಟ್ ಆದ ಮೇಲೆ ಅವನ್ನು ಮರೆಮಾಡಬೇಕಾಯಿತು. ಅದಕ್ಕಾದ ಎರಡು ಶಿಲಿಂಗ್ ಖರ್ಚು ಜಾನ್ ನೋಡಿಕೊಳ್ಳುತ್ತಿದ್ದ ಲೆಕ್ಕದಲ್ಲಿದೆ. ಸುಣ್ಣ ಬಳಿದಿದ್ದರಿಂದಲೇ ಎಷ್ಟೋ ಚಿತ್ರಗಳು ಕೆಳಗೆ ಉಳಿದುಕೊಂಡವು. ಮುಂದೆ ಅವನೇ ಬೇಲಿಫ್ ಆಗಿದ್ದಾಗ ನಾಟಕದ ಕಂಪನಿಗಳು ಊರಿಗೆ ಬಂದವು, ಅವಕ್ಕೂ ಊರಿನ ದುಡ್ಡಿನಲ್ಲೇ ಸಂಭಾವನೆ. ಆಟ ನಡೆದಿದ್ದು ಇದೇ ಗಿಲ್ಡ್ ಹಾಲ್‌ನಲ್ಲಿ ಅನ್ನುತ್ತಾರೆ. ವಿಲಿಯಂ ಆಗ ಐದು ವರ್ಷದ ಹುಡುಗ.

ಅಂದ ಹಾಗೆ, ಈಗಲೂ ಈ ಶಾಲೆಯ ಹುಡುಗರು ಎಡ್ವರ್ಡ್ಸ್ ಬಾಯ್ಸ್ ಅನ್ನೋ ತಂಡ ಕಟ್ಟಿಕೊಂಡು ಆ ಕಾಲದ ನಾಟಕಗಳನ್ನು ಆಡುತ್ತಾರೆ. ಹೆಣ್ಣು ಪಾತ್ರಗಳೂ ಹುಡುಗರದ್ದೇ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನನಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ.

ಪುಕ್ಕಟೆ ಅಂದೆನಲ್ಲ, ಅದಕ್ಕೂ ಒಂದು ಕತೆ ಇದೆ. 1482ರಲ್ಲಿ ಥಾಮಸ್ ಜಾಲಿಫ್ ಅನ್ನೋ ಪಾದ್ರಿ ತನ್ನ ಆಸ್ತಿಯನ್ನು ಗಿಲ್ಡ್‌ಗೆ ಕೊಟ್ಟ. ಷರತ್ತು ಏನಪ್ಪಾ ಅಂದರೆ, ಮೇಷ್ಟ್ರು ಮಕ್ಕಳಿಂದ ಕಾಸು ಕೇಳಬಾರದು. ಮುಂದೆ ಗಿಲ್ಡ್‌ಗಳನ್ನೇ ಮುಚ್ಚಿಸಿದಾಗ ಶಾಲೆಗೆ ದಿಕ್ಕಿಲ್ಲದಂತಾಯಿತು. 1553ರ ಜೂನ್‌ನಲ್ಲಿ ಹದಿನೈದರ ಹುಡುಗ ದೊರೆ ಆರನೇ ಎಡ್ವರ್ಡ್‌ನ ಸನ್ನದು ಅದನ್ನು ಉಳಿಸಿತು. ಜುಲೈನಲ್ಲಿ ಅವನೇ ತೀರಿಕೊಂಡ. ಊರಿನವರು ಮೇಷ್ಟ್ರಿಗೆ ವರ್ಷಕ್ಕೆ 20 ಪೌಂಡ್ ಮತ್ತು ಇರಲು ಮನೆ ಕೊಟ್ಟರು. ಆ ಕಾಲಕ್ಕೆ ಒಳ್ಳೇ ಸಂಬಳ. ಅದಕ್ಕೇ ಥಾಮಸ್ ಜೆಂಕಿನ್ಸ್ ತರಹ ಆಕ್ಸ್‌ಫರ್ಡ್‌ನಲ್ಲಿ ಓದಿದವರು ಈ ಸಣ್ಣ ಊರಿಗೆ ಬಂದರು.

ಈಗಲೂ ಫೀಸ್ ಇಲ್ಲ, ಸರ್ಕಾರದ ದುಡ್ಡು. ಆದರೆ ಸೀಟು ಪರೀಕ್ಷೆಯ ಮೇಲೆ. ಅಕ್ಕನ ಮನೆಗೆ ಬರುವ ಕನ್ನಡದವರ ಮಾತೆಲ್ಲ ಸುತ್ತಿ ಬಳಸಿ ಇಲೆವೆನ್ ಪ್ಲಸ್‌ಗೇ ಬಂದು ನಿಲ್ಲುತ್ತದೆ. ಯಾವ ಟ್ಯೂಷನ್, ಗಂಟೆಗೆ ಎಷ್ಟು, ಅಣಕು ಪರೀಕ್ಷೆಯಲ್ಲಿ ಎಷ್ಟು ಬಂತು. ಟ್ಯೂಷನ್ನಿಗೆ ದುಡ್ಡಿಲ್ಲದ ಮನೆಯ ಜಾಣ ಹುಡುಗ ಏನು ಮಾಡಬೇಕು? ಜಾಲಿಫ್ ಪಾದ್ರಿಯ ಷರತ್ತು ಕಾಗದದ ಮೇಲೆ ಉಳಿದಿದೆ ಅಷ್ಟೇ ಅಂತ ನನಗನ್ನಿಸಿತು. ಹೊರಗೆ ಬಂದ ಮೇಲೆ ಭಾವನಿಗೆ ಹೇಳಿದೆ.

“ನೀನು ಹೇಳೋದು ಸರಿ. ಆದ್ರೆ ಎಲ್ಲರೂ ಕಳಿಸ್ತಿರುವಾಗ ನಾವೊಬ್ಬರೇ ಬಿಟ್ರೆ ಹುಡುಗನ ಗತಿ ಏನು?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಷ್ಟರಲ್ಲಿ ಅಕ್ಕ, “ಪುಟ್ಟಿಗೂ ಇದೇ ಶಾಲೆ ಆಗಲ್ವಾ?” ಎಂದು ಕೇಳಿದಳು. ಆಗಲ್ಲ. 2013ರಿಂದ ಹುಡುಗಿಯರನ್ನು ಸೇರಿಸಿಕೊಳ್ಳುತ್ತಾರೆ, ಆದರೆ ಸಿಕ್ಸ್ತ್ ಫಾರ್ಮ್‌ಗೆ ಮಾತ್ರ, ಅಂದರೆ ನಮ್ಮ ಪಿಯುಸಿ ವಯಸ್ಸಿಗೆ. ಅದಕ್ಕಿಂತ ಚಿಕ್ಕವರಿಗೆ ಪಕ್ಕದ ಶಾಟರಿಯಲ್ಲಿ ಹುಡುಗಿಯರದೇ ಬೇರೆ ಗ್ರಾಮರ್ ಸ್ಕೂಲ್ ಇದೆ. ಅದಕ್ಕೂ ಪರೀಕ್ಷೆ. ಪುಟ್ಟಿಗಿನ್ನೂ ಏಳು ವರ್ಷ. ಭಾವ ಆಗಲೇ ಫೋನ್ ತೆಗೆದು ಅದರ ವಿವರ ಹುಡುಕುತ್ತಿದ್ದರು.