ಮುತ್ಯಾ ತಿಂದ ರೊಟ್ಟಿ ನಮಗೇಕೆ ಒಗ್ಗುತ್ತಿಲ್ಲ?

ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಶಿಕ್ಷಕನಾಗಿದ್ದ ನನಗೆ, ಊರಿನ ‘ಅಪ್ಪನ ಕೆರೆ’ಯ ದಂಡೆಯಲ್ಲಾಗಲಿ, ಮದುವೆಯ ಪಂಕ್ತಿಯಲ್ಲಾಗಲಿ ಎದುರಾಗುವ ಹಳೆಯ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದೇ. “ಸರ್, ನಮ್ಮ ಮುತ್ಯಾ ಹೊತ್ತಿಗೆ ನಾಕು ಜ್ವಾಳದ ರೊಟ್ಟಿ ತಿಂದು ಎಂಬತ್ತು ವರ್ಷ ಗಟ್ಟಿ ಇದ್ದರಿ. ನಾವೂ ಅದೇ ರೊಟ್ಟಿ ತಿಂತೀವಿ. ನಲವತ್ತಕ್ಕ ನಮಗ್ಯಾಕ ಶುಗರ್ ಬಂತ್ರಿ?”

ರೊಟ್ಟಿ ಅದೇ ಇರಬಹುದು, ಆದರೆ ಅದನ್ನು ಕರಗಿಸುತ್ತಿದ್ದ ದುಡಿಮೆ ಈಗ ಇಲ್ಲ ಎಂಬುದು ನನ್ನ ಉತ್ತರ. ಮುತ್ಯಾ ನಸುಕಿನಲ್ಲೇ ಹೊಲದ ದಾರಿ ಹಿಡಿಯುತ್ತಿದ್ದರು; ಎತ್ತುಗಳ ಹಿಂದೆ ಕುಂಟೆ ಹಿಡಿದು ದಿನವಿಡೀ ನಡೆಯುತ್ತಿದ್ದರು; ರಾಶಿಯ ಕಾಲಕ್ಕೆ ತೊಗರಿ ಕೊಯ್ದು, ಹೊತ್ತು, ಬಡಿಯುತ್ತಿದ್ದರು. ಮನೆಯಲ್ಲಿ ಆಯಿ ಬೀಸುವ ಕಲ್ಲಿನ ಮುಂದೆ ಕುಳಿತು ಜೋಳ ಬೀಸಿ, ಬಾವಿಯಿಂದ ನೀರು ಸೇದಿ, ಕೊಡ ಹೊತ್ತು ತರುತ್ತಿದ್ದರು. ಅವರ ಮೊಮ್ಮಗ ಮನೆಯ ಬಾಗಿಲಲ್ಲಿ ಗಾಡಿ ಹತ್ತಿ ಕಚೇರಿಯ ಬಾಗಿಲಲ್ಲಿ ಇಳಿಯುತ್ತಾನೆ, ಸಂಜೆಯವರೆಗೆ ಕುರ್ಚಿಯಲ್ಲಿರುತ್ತಾನೆ, ರಾತ್ರಿ ಉಂಡು ಫೋನು ಹಿಡಿದು ಮಲಗುತ್ತಾನೆ.

ಇದು ಬರಿಯ ನೆನಪಿನ ಮಾತಲ್ಲ, ದೇಹದ ಲೆಕ್ಕ. ಉಂಡ ಅನ್ನ, ರೊಟ್ಟಿ ಸಕ್ಕರೆಯಾಗಿ ರಕ್ತಕ್ಕೆ ಇಳಿದ ಮೇಲೆ ಅದರ ದೊಡ್ಡ ಪಾಲನ್ನು ಒಳಗೆಳೆದುಕೊಳ್ಳಬೇಕಾದವು ನಮ್ಮ ಮಾಂಸಖಂಡಗಳು, ಅದರಲ್ಲೂ ದೇಹದ ಅತಿ ದೊಡ್ಡ ಸ್ನಾಯುಗಳಿರುವ ತೊಡೆ ಮತ್ತು ಪೃಷ್ಠ. ವಿಶ್ರಾಂತಿಯಲ್ಲಿರುವ ಸ್ನಾಯುವಿನ ಬಾಗಿಲು ತೆರೆಯಲು ಇನ್ಸುಲಿನ್ ಬೇಕು. ದುಡಿಯುವ ಸ್ನಾಯುವಾದರೋ ಇನ್ಸುಲಿನ್‌ನ ನೆರವಿಲ್ಲದೆಯೂ ಸಕ್ಕರೆಯನ್ನು ಸೆಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಕುಳಿತೇ ಇದ್ದು ಹೊಟ್ಟೆಯ ಸುತ್ತ ಕೊಬ್ಬು ಸೇರಿದಾಗ ಆ ಇನ್ಸುಲಿನ್‌ನ ಮಾತನ್ನೂ ದೇಹ ಸರಿಯಾಗಿ ಕೇಳುವುದಿಲ್ಲ. ಆದ್ದರಿಂದಲೇ ನಾನು ತೂಕಕ್ಕಿಂತ ಮೊದಲು ಟೇಪು ತರಲು ಹೇಳುತ್ತೇನೆ: ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮುಟ್ಟಿದರೆ ಎಚ್ಚರಗೊಳ್ಳಬೇಕು, ಕೈಕಾಲು ಸಪೂರವಾಗಿದ್ದರೂ ಸರಿಯೇ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಹಿಂದಿನವರೆಲ್ಲ ಎಂಬತ್ತು ವರ್ಷ ಬಾಳಿದರೆಂಬುದು ನಿಜವಲ್ಲ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷವಿತ್ತು. ಕಾಲರಾ, ಕ್ಷಯ, ಹಸಿವು, ಹೆರಿಗೆಯಲ್ಲಿ ತೀರಿಕೊಂಡವರ ಮೊಮ್ಮಕ್ಕಳು ನನ್ನನ್ನು ಈ ಪ್ರಶ್ನೆ ಕೇಳಲು ಬರುವುದಿಲ್ಲ. ಹಳೆಯ ಬಡತನ ಮರಳಿ ಬರಲೆಂದು ನಾನು ಬಯಸುವವನಲ್ಲ. ಆ ದುಡಿಮೆಯ ಒಂದು ತುಣುಕು ಮಾತ್ರ ಮರಳಿ ಬರಲಿ.

ಇನ್ನು “ಅದೇ ರೊಟ್ಟಿ” ಎಂಬ ಮಾತನ್ನೂ ಪರೀಕ್ಷಿಸಬೇಕು. ನೂರು ಗ್ರಾಂ ಜೋಳದಲ್ಲಿ ಸುಮಾರು ಹತ್ತು ಗ್ರಾಂ ನಾರಿನಂಶವಿದ್ದರೆ ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಕಷ್ಟ. ನಮ್ಮ ಇಂದಿನ ತಾಟಿನಲ್ಲಿ ರೊಟ್ಟಿ ಎರಡಕ್ಕೆ ಇಳಿದು, ಅದರ ಹಿಂದೆ ಅನ್ನದ ಗುಡ್ಡೆ ಬಂದಿದೆ. ಸಂಜೆಗೆ ಮಿರ್ಚಿ ಭಜಿ ಸೇರಿದೆ. ಚಹದ ಲೆಕ್ಕವನ್ನಂತೂ ಯಾರೂ ಹಾಕುವುದಿಲ್ಲ. ಕಪ್ಪಿಗೆ ಎರಡು ಚಮಚದಂತೆ ದಿನಕ್ಕೆ ಐದು ಕಪ್ಪಾದರೆ 50 ಗ್ರಾಂ ಸಕ್ಕರೆ. ಚಹ, ಸಿಹಿ ಎಲ್ಲ ಸೇರಿ ದಿನದ ಸಕ್ಕರೆಯನ್ನು 25 ಗ್ರಾಂನೊಳಗೆ ಇಟ್ಟರೆ ಹೆಚ್ಚು ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಪುಂಡಿಪಲ್ಯೆ, ತೊಗರಿ ಬೇಳೆ, ಮೊಳಕೆ ಕಾಳಿನ ಪಾಲು ಹೆಚ್ಚಿಸಿ ಅನ್ನದ ಪಾಲು ತಗ್ಗಿಸಿದರೆ ನಮ್ಮ ಊಟ ಯಾವ ಪಥ್ಯದ ಊಟಕ್ಕೂ ಕಡಿಮೆಯಲ್ಲ.

ಹಾಗಾದರೆ ದುಡಿಮೆಯನ್ನು ಎಲ್ಲಿಂದ ತರುವುದು? ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮ ಬೇಕೆಂದು ಅದೇ ಸಂಸ್ಥೆ ಹೇಳುತ್ತದೆ. ಮಧ್ಯಮ ಎಂದರೆ, ನಡೆಯುವಾಗ ಮಾತನಾಡಲು ಬರಬೇಕು, ಭಜನೆಯ ಪದ ಹಾಡಲು ಉಸಿರು ಸಾಲಬಾರದು. ಆದರೆ ಬೆಳಿಗ್ಗೆ ಅರ್ಧ ತಾಸು ನಡೆದು ಉಳಿದ ದಿನವೆಲ್ಲ ಕುಳಿತಿರುವವರಿಗೆ ನಾನು ಮೊದಲು ಹೇಳುವುದು, ಪ್ರತಿ ಊಟದ ಬಳಿಕ ಹತ್ತು ಹದಿನೈದು ನಿಮಿಷ ನಡೆಯಿರಿ ಎಂದು. ಸಕ್ಕರೆ ರಕ್ತಕ್ಕೆ ಏರುವ ಹೊತ್ತಿಗೇ ಕಾಲುಗಳು ದುಡಿಯುತ್ತಿದ್ದರೆ ಆ ಏರಿಕೆ ತಗ್ಗುತ್ತದೆ.

ನಮ್ಮ ಭಾಗದ ಬಿಸಿಲು ಇದಕ್ಕೆ ದೊಡ್ಡ ಅಡ್ಡಿ ಎಂಬುದನ್ನು ಒಪ್ಪುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಹತ್ತು ಗಂಟೆಯ ಮೇಲೆ ಯಾರನ್ನೂ ನಡೆಯಲು ಕಳಿಸಲಾರೆ. ಸಂಜೆ ಸೂರ್ಯ ಮುಳುಗಿದರೂ ಕಾದ ರಸ್ತೆ ಮತ್ತು ಶಹಾಬಾದ್ ಕಲ್ಲಿನ ಅಂಗಳ ಬಹಳ ಹೊತ್ತು ಶಾಖವನ್ನು ಉಗುಳುತ್ತಿರುತ್ತವೆ. ಬೇಸಿಗೆಯಲ್ಲಿ ಐದೂವರೆಗೆ ಹೊರಟು ಏಳರೊಳಗೆ ಮರಳಬೇಕು; ಮಧ್ಯಾಹ್ನದ ಊಟದ ನಂತರದ ನಡಿಗೆ ಪಡಸಾಲೆಯಲ್ಲೋ ಕಚೇರಿಯ ಮೊಗಸಾಲೆಯಲ್ಲೋ ಆಗಲಿ. ಬಹಳ ವರ್ಷದಿಂದ ಶುಗರ್ ಇರುವವರಲ್ಲಿ ಅನೇಕರಿಗೆ ಪಾದದ ಸ್ಪರ್ಶಜ್ಞಾನ ಕುಂದಿರುತ್ತದೆ, ಸುಟ್ಟರೂ ತಿಳಿಯುವುದಿಲ್ಲ. ಅಂಥವರು ಜಾತ್ರೆಯ ದಿನಗಳಲ್ಲಿ ಹರಕೆಗೆಂದು ಬರಿಗಾಲಲ್ಲಿ ಕಾದ ನೆಲದ ಮೇಲೆ ನಡೆಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಗೆ ಬಂದು ಪಾದ ತಿರುಗಿಸಿ ನೋಡಿಕೊಳ್ಳಿ.

ನಡಿಗೆಯೊಂದೇ ಸಾಲದು. ಮೂವತ್ತು ದಾಟಿದ ಮೇಲೆ, ಬಳಸದಿದ್ದರೆ, ಸ್ನಾಯು ಕರಗುತ್ತ ಹೋಗುತ್ತದೆ. ವಾರಕ್ಕೆ ಎರಡು ದಿನವಾದರೂ ಬಲದ ವ್ಯಾಯಾಮ ಬೇಕು. ಗರಡಿ ಮನೆಯ ದಂಡ ಬೈಠಕ್ ನಮ್ಮವರಿಗೆ ಹೊಸತೇನಲ್ಲ. ಬೈಠಕ್ ಆಗದವರು ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕುಳಿತುಕೊಳ್ಳಲಿ. “ದಿನವಿಡೀ ಮನೆಗೆಲಸ ಮಾಡ್ತೀನಲ್ರಿ” ಎನ್ನುವ ತಾಯಂದಿರಿಗೂ ಇದೇ ಮಾತು: ಹಿಟ್ಟಿನ ಗಿರಣಿ, ನಲ್ಲಿ, ಮಿಕ್ಸರ್ ಬಂದ ಮೇಲೆ ಮನೆಗೆಲಸದಲ್ಲಿ ದಣಿವು ಮಾತ್ರ ಉಳಿದಿದೆ, ಅದು ಬಲವನ್ನು ಕೊಡುತ್ತಿಲ್ಲ. ಜಿಮ್ಮು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಷ್ಟವಿಲ್ಲ.

ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಶ್ರಮ ಹೆಚ್ಚಿಸುವ ಮುನ್ನ ವೈದ್ಯರನ್ನು ಕಾಣಬೇಕು, ಸಕ್ಕರೆ ಒಮ್ಮೆಲೇ ಇಳಿಯಬಹುದು. ಎದೆ ಹಿಡಿದಂತಾದರೆ ಅಲ್ಲಿಗೇ ನಿಲ್ಲಿಸಬೇಕು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನವಾದ್ದರಿಂದ, ಆ ಕಣಗಳಿಗೆ ಅಂಟಿದ ಸಕ್ಕರೆಯನ್ನು ಅಳೆದು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಈಗೊಮ್ಮೆ, ಮೂರು ತಿಂಗಳು ನಡೆದ ಮೇಲೆ ಮತ್ತೊಮ್ಮೆ ಮಾಡಿಸಿ, ಎರಡೂ ಕಾಗದಗಳನ್ನು ವೈದ್ಯರ ಮುಂದಿಡಿ. ಮಾತ್ರೆ ಕಡಿಮೆ ಮಾಡುವ ಮಾತನ್ನು ಅವರೇ ಹೇಳಲಿ.