ಈಗಲ್‌ನೆಸ್ಟ್‌ಗೆ ಹಕ್ಕಿ ನೋಡಲು ಹೊರಡುವವರಿಗೆ

ಅರುಣಾಚಲ ಪ್ರದೇಶದ ಪಶ್ಚಿಮ ಕಾಮೆಂಗ್ ಜಿಲ್ಲೆಯ ಈಗಲ್‌ನೆಸ್ಟ್ ಅಭಯಾರಣ್ಯಕ್ಕೆ ಹೋಗಬೇಕೆಂದಿರುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಅಲ್ಲಿನ ಒಂಟಿ ರಸ್ತೆಯನ್ನು. ದಶಕಗಳ ಹಿಂದೆ ಸೇನೆ ಕಡಿದ ಈ ಮಣ್ಣಿನ ದಾರಿ ಸುಮಾರು 2,800 ಮೀಟರ್ ಎತ್ತರದ ಈಗಲ್‌ನೆಸ್ಟ್ ಪಾಸ್ (ಬೆಟ್ಟಸಾಲು ದಾಟುವ ಕಣಿವೆದಾರಿ) ದಾಟಿ, ಅಸ್ಸಾಂ ಬಯಲಿನತ್ತ ಇಳಿಯುತ್ತಾ ಹೋಗುತ್ತದೆ. ಮೇಲೆ ರೋಡೊಡೆಂಡ್ರಾನ್, ಕುರುಚಲು ಬಿದಿರು, ಪಾಚಿ ಹೊದ್ದ ಓಕ್ ಮರಗಳು. ಕೆಳಗೆ ಕಾಡುಬಾಳೆ, ಬೆತ್ತ, ಬಳ್ಳಿ ಸುತ್ತಿದ ಉಷ್ಣವಲಯದ ಮಹಾವೃಕ್ಷಗಳು. ಐನೂರು ಮೀಟರ್ ಇಳಿದರೆ ಸಾಕು, ಕಿವಿಗೆ ಬೀಳುವ ಕೂಗುಗಳೇ ಬೇರೆಯಾಗುತ್ತವೆ. ಹಾಗಾಗಿ ಇಲ್ಲಿ ಪ್ರವಾಸದ ಯೋಜನೆ ಎಂದರೆ ಯಾವ ಎತ್ತರದಲ್ಲಿ ಎಷ್ಟು ರಾತ್ರಿ ಎಂಬ ಲೆಕ್ಕಾಚಾರ. ಉಳಿದದ್ದೆಲ್ಲ ಅದರ ನಂತರ.

ದಾರಿಯ ಮೇಲ್ಭಾಗದ ತಂಗುದಾಣವಾದ ಲಾಮಾ ಕ್ಯಾಂಪ್‌ನಲ್ಲೇ ಉಳಿದು, ದಿನವೂ ಜೀಪಿನಲ್ಲಿ ಕೆಳಗಿಳಿದು ಸಂಜೆ ವಾಪಸಾಗುವ ವೇಳಾಪಟ್ಟಿಯನ್ನು ಯಾರಾದರೂ ಮುಂದಿಟ್ಟರೆ ದಯವಿಟ್ಟು ಒಪ್ಪಿಕೊಳ್ಳಬೇಡಿ. ದಾರಿ ನಿಧಾನದ್ದು, ಮುಂಜಾನೆಯ ಬೆಲೆಬಾಳುವ ಹೊತ್ತೆಲ್ಲ ವಾಹನದಲ್ಲೇ ಕಳೆದುಹೋಗುತ್ತದೆ. ಏಪ್ರಿಲ್‌ನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಬೆಳಕು ಹರಿದು ಹಕ್ಕಿಗಳು ಕೂಗಲು ತೊಡಗಿರುತ್ತವೆ. ಸಂಜೆ ಆರಕ್ಕೆ ಕತ್ತಲು. ಬೆಳಕು ಮೂಡುವಾಗ ನೀವು ನೋಡಬೇಕಾದ ಎತ್ತರದಲ್ಲೇ ಇರಬೇಕು. ನನ್ನ ಸಲಹೆ ಇಷ್ಟು: ಸುಮಾರು 2,350 ಮೀಟರ್ ಎತ್ತರದ ಲಾಮಾ ಕ್ಯಾಂಪ್‌ನಲ್ಲಿ ಎರಡು ರಾತ್ರಿ, 1,900 ಮೀಟರ್ ಆಸುಪಾಸಿನ ಬೊಂಪುವಿನಲ್ಲಿ ಕನಿಷ್ಠ ಮೂರು. ಸೆಸ್ನಿ ಮತ್ತು ಖೆಲ್ಲಾಂಗ್ ಕಡೆಯ ತಗ್ಗಿನ ಕಾಡಿಗೆ ಬೊಂಪುವಿನಿಂದ ಇಳಿದು ಬರಬಹುದು. ಸಮಯವಿದ್ದರೆ ಬೊಂಪುವಿಗೆ ಇನ್ನೊಂದು ರಾತ್ರಿ ಸೇರಿಸಿ, ಲಾಮಾಕ್ಕಲ್ಲ.

ತಲುಪುವ ಬಗೆ ಸರಳ. ಗುವಾಹಟಿಗೆ ವಿಮಾನ, ಅಲ್ಲಿಂದ ತೇಜ್‌ಪುರದ ಮೂಲಕ ಭಾಲುಕ್‌ಪೊಂಗ್, ಮುಂದೆ ಘಟ್ಟ ಹತ್ತಿ ತೆಂಗಾ ಕಣಿವೆ, ಅಲ್ಲಿಂದ ಲಾಮಾ ಕ್ಯಾಂಪ್. ಗುವಾಹಟಿಯಿಂದ ಒಂದೇ ದಿನದಲ್ಲಿ ಹೋಗುವವರಿದ್ದಾರೆ, ಆದರೆ ನಮೇರಿ ರಾಷ್ಟ್ರೀಯ ಉದ್ಯಾನದ ಹತ್ತಿರ ಒಂದು ರಾತ್ರಿ ನಿಲ್ಲುವುದು ಮೈಗೂ ಒಳ್ಳೆಯದು, ಹಕ್ಕಿಪಟ್ಟಿಗೂ ಒಳ್ಳೆಯದು. ಅಸ್ಸಾಮಿನ ರಾಜ್ಯಪಕ್ಷಿಯಾದ ಬಿಳಿರೆಕ್ಕೆಯ ಕಾಡುಬಾತು ಇರುವುದು ಆ ಕಾಡಿನ ಕೊಳಗಳಲ್ಲಿ. ಅರುಣಾಚಲದ ಗಡಿ ದಾಟಲು ಹೊರರಾಜ್ಯದ ಭಾರತೀಯರಿಗೂ ಇನ್ನರ್ ಲೈನ್ ಪರ್ಮಿಟ್ ಕಡ್ಡಾಯ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಮುದ್ರಿತ ಪ್ರತಿ ಜೊತೆಗಿರಲಿ. ಅಭಯಾರಣ್ಯದ ಪ್ರವೇಶಕ್ಕೆ ಬೇರೆ ಅನುಮತಿ ಬೇಕು, ಅದನ್ನು ಸಾಮಾನ್ಯವಾಗಿ ಮಾರ್ಗದರ್ಶಕರೇ ಮಾಡಿಸುತ್ತಾರೆ. ಕಾಡಿನೊಳಗೆ ಎಟಿಎಂ ಇಲ್ಲ, ನಗದನ್ನು ಬಯಲಿನಲ್ಲಿರುವಾಗಲೇ ತೆಗೆದಿಟ್ಟುಕೊಳ್ಳಿ.

ಮಾರ್ಗದರ್ಶಕರ ಆಯ್ಕೆಯಲ್ಲಿ ಜಿಪುಣತನ ಬೇಡ. ಈ ಕಾಡಿನಲ್ಲಿ ಕಣ್ಣಿಗಿಂತ ಮೊದಲು ಕೆಲಸ ಮಾಡುವುದು ಕಿವಿ. ಬಿದಿರಿನ ಬುಡದಲ್ಲಿ ಇಲಿಯಂತೆ ಹರಿದಾಡುವ ರೆನ್-ಬ್ಯಾಬ್ಲರ್‌ಗಳನ್ನು ದನಿಯಿಂದಲೇ ಬೇರ್ಪಡಿಸಬಲ್ಲವರು ಜೊತೆಗಿಲ್ಲದಿದ್ದರೆ ಎದುರಿಗಿರುವುದು ಬರೀ ಹಸಿರು ಗೋಡೆ. ಗೊತ್ತು ಮಾಡುವ ಮುನ್ನ ಎರಡು ವಿಷಯ ಕೇಳಿ: ಗುಂಪಿನಲ್ಲಿ ಎಷ್ಟು ಜನ, ಮತ್ತು ಹಕ್ಕಿಯನ್ನು ಹತ್ತಿರ ಸೆಳೆಯಲು ಅದರ ದನಿಯ ಧ್ವನಿಮುದ್ರಣವನ್ನು ಎಷ್ಟರಮಟ್ಟಿಗೆ ಬಳಸುತ್ತೀರಿ. ಕಿರಿದಾದ ದಾರಿಯಲ್ಲಿ ಆರಕ್ಕಿಂತ ಹೆಚ್ಚು ಜನರಿದ್ದರೆ ಹಿಂದಿನವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಎರಡನೆಯ ಪ್ರಶ್ನೆಗೆ ‘ಬೇಕಾದಷ್ಟು ಸಲ ಹಾಕೋಣ’ ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ.

ಇದನ್ನು ಒತ್ತಿ ಹೇಳಲು ಕಾರಣ ಬುಗುನ್ ಲಿಯೊಸಿಚ್ಲಾ. ಕಪ್ಪು ಟೊಪ್ಪಿ, ಕಣ್ಣಿನ ಬಳಿ ಹಳದಿ, ರೆಕ್ಕೆಯಲ್ಲಿ ಕೆಂಪು–ಹಳದಿ ಮಿಂಚು ಇರುವ ಈ ಹಕ್ಕಿಯನ್ನು ಖಗೋಳವಿಜ್ಞಾನಿಯೂ ಆದ ರಮಣ ಆತ್ರೇಯ ಅವರು 2006ರಲ್ಲಿ ಹೊಸ ಪ್ರಭೇದವೆಂದು ಜಗತ್ತಿಗೆ ತಿಳಿಸಿದರು. ಇಷ್ಟು ಅಪರೂಪದ ಜೀವವನ್ನು ಮಾದರಿಗೆಂದು ಕೊಲ್ಲಬಾರದೆಂದು, ಚಿತ್ರಗಳು, ಧ್ವನಿಮುದ್ರಣ ಮತ್ತು ಬಲೆಯಲ್ಲಿ ಉದುರಿದ ಗರಿಗಳ ಆಧಾರದ ಮೇಲೆಯೇ ಅದನ್ನು ವಿವರಿಸಿದರು. ನನಗೆ ಇದು ಭಾರತದ ಪಕ್ಷಿವಿಜ್ಞಾನದ ಅತ್ಯಂತ ಗೌರವಯುತ ಘಟನೆಗಳಲ್ಲಿ ಒಂದು. ಇಂದಿಗೂ ತಿಳಿದಿರುವ ಹಕ್ಕಿಗಳು ಬೆರಳೆಣಿಕೆಯ ಜೋಡಿಗಳಷ್ಟೇ. ಅದರ ನೆಲೆಯನ್ನು ಕಾಯುತ್ತಿರುವುದು ಬುಗುನ್ ಸಮುದಾಯ: ಸಿಂಗ್‌ಚುಂಗ್ ಗ್ರಾಮದವರು ತಮ್ಮ 17 ಚದರ ಕಿಲೋಮೀಟರ್ ಕಾಡನ್ನು 2017ರಲ್ಲಿ ಸಮುದಾಯ ಮೀಸಲು ಪ್ರದೇಶವಾಗಿಸಿದರು, ಅವರದೇ ಯುವಕರು ಅಲ್ಲಿ ಗಸ್ತು ತಿರುಗುತ್ತಾರೆ. ನೀವು ಕಟ್ಟುವ ಶುಲ್ಕ ಆ ಕೆಲಸಕ್ಕೆ ಊರುಗೋಲು, ಅಲ್ಲಿ ಚೌಕಾಸಿ ಮಾಡಬೇಡಿ. ಲಿಯೊಸಿಚ್ಲಾಗಾಗಿ ರಸ್ತೆ ಬದಿಯಲ್ಲಿ ಸುಮ್ಮನೆ ಕಾಯಿರಿ. ಕೂಗು ಹಾಕಿ ಕರೆಯುವುದು ಬೇಡ, ಪೊದೆಯೊಳಗೆ ನುಗ್ಗುವುದಂತೂ ಬೇಡವೇ ಬೇಡ. ಕಾಣದಿದ್ದರೆ ಕಾಣಲಿಲ್ಲ, ಅದೇ ಇಳಿಜಾರಿನಲ್ಲಿ ಬೇರೆ ಎಷ್ಟೋ ಹಕ್ಕಿಗಳಿವೆ.

ಪಾಸ್ ದಾಟುವ ಬೆಳಿಗ್ಗೆ ಚಳಿ ಕೊರೆಯುತ್ತದೆ. ರೋಡೊಡೆಂಡ್ರಾನ್ ಹೂವಿದ್ದರೆ ಉರಿಬಾಲದ ಸೂರಕ್ಕಿಗಳು ಸಿಗುತ್ತವೆ. ರಸ್ತೆಗೆ ಇಳಿಯುವ ಟ್ರಾಗೊಪಾನ್ ಎಂಬ ಕಾಡುಕೋಳಿ ಬಳಗದ ಹಕ್ಕಿಗಳಿಗಾಗಿ ಜೀಪಿನ ಮುಂದಿನ ಸೀಟಿನಲ್ಲಿ ಕಣ್ಣು ನೆಟ್ಟು ಕುಳಿತಿರಬೇಕು. ಬೊಂಪುವಿನ ಸುತ್ತ ವಾರ್ಡ್ಸ್ ಟ್ರೋಗನ್ ಇದೆ. ಪಶ್ಚಿಮ ಘಟ್ಟದ ಕಾಕರಣೆಯ ಬಳಗದ್ದೇ ಆದ ಇದು ಕೊಂಬೆಯ ಮೇಲೆ ಎಷ್ಟು ಅಲುಗಾಡದೆ ಕೂರುತ್ತದೆಂದರೆ, ಎದುರಿಗೇ ಇದ್ದರೂ ಕಣ್ಣು ಅದರ ಮೇಲೆ ಹಾದು ಮುಂದೆ ಹೋಗುತ್ತದೆ. ಮಾರ್ಗದರ್ಶಕರು ನಿಂತಲ್ಲಿ ನೀವೂ ನಿಲ್ಲಿ, ಮರದ ನಡುಹಂತವನ್ನು ಕೊಂಬೆ ಕೊಂಬೆಯಾಗಿ ಜಾಲಾಡಿ.

ಸೆಸ್ನಿಯ ಕಡೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಿಶ್ರ ಹಿಂಡುಗಳು. ಗಂಟೆಗಟ್ಟಲೆ ಕಾಡು ಮೌನವಾಗಿರುತ್ತದೆ. ಆಮೇಲೆ ಒಮ್ಮೆಗೇ ಯುಹಿನಾಗಳ ಚಿಲಿಪಿಲಿ, ಅದರ ಹಿಂದೆ ಮಿನಿವೆಟ್, ಕಾಜಾಣ, ಹರಟೆಮಲ್ಲಗಳ ನಂಟಿನ ಹತ್ತಾರು ಬಗೆಯ ಹಕ್ಕಿಗಳು ಒಂದೇ ಅಲೆಯಾಗಿ ಇಳಿಜಾರನ್ನು ದಾಟುತ್ತವೆ. ಆ ಹೊತ್ತಿನಲ್ಲಿ ಕ್ಯಾಮೆರಾ ಎತ್ತಿದವರು ಒಂದು ಹಕ್ಕಿಯ ಮಸುಕು ಚಿತ್ರ ಪಡೆದು ಉಳಿದದ್ದನ್ನೆಲ್ಲ ಕಳೆದುಕೊಳ್ಳುತ್ತಾರೆ. ಮೊದಲು ದುರ್ಬೀನು ಹಿಡಿಯಿರಿ. ಮುಂಚೂಣಿಯ ಸಾಮಾನ್ಯ ಹಕ್ಕಿಗಳನ್ನು ಬೇಗ ದಾಟಿ, ಹಿಂಡಿನ ಬಾಲದತ್ತ ನೋಡಿ, ಪಾಚಿಗಟ್ಟಿದ ದಪ್ಪ ಕೊಂಬೆಗಳ ಮೇಲೆ ವಿಶೇಷವಾಗಿ. ಕಪ್ಪು ಬೆನ್ನಿನ ಮೇಲೆ ನೀಲಿ ಗೆರೆಗಳನ್ನೆಳೆದಂತಿರುವ ಬ್ಯೂಟಿಫುಲ್ ನಟ್‌ಹ್ಯಾಚ್ ಹೀಗೆಯೇ, ಯಾವ ಗದ್ದಲವೂ ಇಲ್ಲದೆ ಬರುತ್ತದೆ. ಇನ್ನೂ ಕೆಳಗೆ ಖೆಲ್ಲಾಂಗ್ ಕಡೆಗೆ ಸುಲ್ತಾನ್ ಟಿಟ್‌ನ ಹಳದಿ ಜುಟ್ಟು ಕಾಣಬಹುದು. ತುಕ್ಕುಗೊರಳಿನ ಮಂಗಟ್ಟೆಯ ರೆಕ್ಕೆಯ ಸದ್ದು ಸೆಸ್ನಿಯಿಂದಲೇ ಕಿವಿಗೆ ಬಿದ್ದೀತು. ಈ ದಾರಿಯಲ್ಲಿ ಆನೆಗಳೂ ಓಡಾಡುತ್ತವೆ, ಬೊಂಪುವಿನ ಎತ್ತರಕ್ಕೂ ಬರುತ್ತವೆ. ಹಸಿ ಲದ್ದಿ ಕಂಡಲ್ಲಿ ಮಾರ್ಗದರ್ಶಕರ ಮಾತು ಮೀರಿ ಒಬ್ಬರೇ ಮುಂದೆ ನಡೆಯಬೇಡಿ.

ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಒಳ್ಳೆಯ ಕಾಲ. ಮೊದಲರ್ಧದಲ್ಲಿ ಹೂವು ಮತ್ತು ಚಳಿ, ಕೊನೆಯರ್ಧದಲ್ಲಿ ಕೋಗಿಲೆ ಜಾತಿಯವುಗಳ ಕೂಗು, ಜೊತೆಗೆ ಮಳೆ ಮತ್ತು ಜಿಗಣೆ. ಒಂದನ್ನೇ ಆರಿಸಬೇಕಾದರೆ ಏಪ್ರಿಲ್ ಎನ್ನುತ್ತೇನೆ. ತಂಗುವುದು ಡೇರೆಗಳಲ್ಲಿ; ವಿದ್ಯುತ್ ಸಂಜೆ ಕೆಲವು ಗಂಟೆ ಮಾತ್ರ, ಹಾಗಾಗಿ ಹೆಚ್ಚುವರಿ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಬೇಕು. 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ದುರ್ಬೀನು ಈ ಮಬ್ಬು ಕಾಡಿಗೆ ಹೇಳಿ ಮಾಡಿಸಿದ್ದು, 10× ಬೇಡ. ಜಿಗಣೆ ಕಾಲುಚೀಲ, ಮಳೆಯಂಗಿ, ಹಣೆಗೆ ಕಟ್ಟುವ ಟಾರ್ಚ್, ನಿಮ್ಮ ನಿತ್ಯದ ಔಷಧಿ ಇರಲಿ. ಹಕ್ಕಿಗಳ ಆ್ಯಪ್ ಮತ್ತು ನಕ್ಷೆಗಳನ್ನು ಗುವಾಹಟಿಯಲ್ಲೇ ಇಳಿಸಿಕೊಳ್ಳಿ, ಮೊಬೈಲ್ ಸಿಗ್ನಲ್ ನಂಬುವಂತಿಲ್ಲ.

ದಿನಗಳು ಉಳಿದಿದ್ದರೆ ದಿರಾಂಗ್‌ನಲ್ಲಿ ತಂಗಿ ಸುಮಾರು 4,170 ಮೀಟರ್ ಎತ್ತರದ ಸೇಲಾ ಪಾಸ್ ನೋಡಿ ಬನ್ನಿ. ಗ್ರಾಂಡಾಲಾ ಹಕ್ಕಿಗಳ ಹಿಂಡಿನ ನೀಲಿಗಾಗಿಯೇ ಹೋಗಬೇಕಾದ ಜಾಗ. 2024ರ ಮಾರ್ಚ್‌ನಲ್ಲಿ ಸೇಲಾ ಸುರಂಗ ತೆರೆದ ಮೇಲೆ ಚಾಲಕರು ಅದರೊಳಗೇ ಹೋಗಿಬಿಡುತ್ತಾರೆ. ಹಳೆಯ ರಸ್ತೆಯಲ್ಲಿ ಮೇಲಕ್ಕೆ ಹೋಗಬೇಕೆಂದು ಹಿಂದಿನ ದಿನವೇ ತಿಳಿಸಿಡಿ. ಈ ಭಾಗವನ್ನು ಈಗಲ್‌ನೆಸ್ಟ್ ನಂತರ ಇಟ್ಟುಕೊಂಡರೆ ದೇಹ ಎತ್ತರಕ್ಕೆ ಸ್ವಲ್ಪ ಒಗ್ಗಿರುತ್ತದೆ. ತಲೆನೋವು, ವಾಕರಿಕೆ ಕಾಣಿಸಿಕೊಂಡರೆ ಕಾಯದೆ ಕೆಳಗಿಳಿಯಿರಿ. ಮರಳುವ ವಿಮಾನಕ್ಕೆ ಮುನ್ನ ಒಂದು ಇಡೀ ದಿನ ಖಾಲಿ ಬಿಡಿ: ಒಂದು ಜೋರು ಮಳೆ ಬಂದರೆ ಭಾಲುಕ್‌ಪೊಂಗ್ ದಾರಿಯಲ್ಲಿ ಮಣ್ಣು ಕುಸಿದು ವಾಹನಗಳು ಗಂಟೆಗಟ್ಟಲೆ ನಿಲ್ಲುತ್ತವೆ. ಮಳೆ ಬಾರದಿದ್ದರೆ ಆ ದಿನ ನಮೇರಿಗೆ ಸಿಗುತ್ತದೆ.