ದೆಹಲಿಯ ಸ್ಮಾರಕ ನೋಡಲು ಟೂರ್ ಬಸ್ ಬೇಡ

ದೆಹಲಿಗೆ ಹೊರಟಿದ್ದರೆ, ಒಂದೇ ದಿನದಲ್ಲಿ ಊರೆಲ್ಲ ತೋರಿಸುತ್ತೇವೆ ಅನ್ನುವ ಖಾಸಗಿ ಬಸ್ಸು ಮಾತ್ರ ಹತ್ತಬೇಡಿ. ನಾವು ಹತ್ತಿದ ಬಸ್ಸು ಹೋಟೆಲಿನಿಂದ ಹೋಟೆಲಿಗೆ ಸುತ್ತಿ ಜನ ತುಂಬಿಸಿಕೊಳ್ಳುವುದರಲ್ಲೇ ಬೆಳಗಿನ ಹೊತ್ತು ಕಳೆಯಿತು. ಎ.ಸಿ. ಅಂತ ದುಡ್ಡು ತಗೊಂಡಿದ್ದರು, ಎ.ಸಿ. ಕೆಟ್ಟಿತ್ತು, ಕಿಟಕಿ ತೆಗೆಯಲು ಬರುತ್ತಿರಲಿಲ್ಲ. ರಾಜಘಾಟ್‌ನಲ್ಲಿ ಚಪ್ಪಲಿ ಬಿಟ್ಟು ಗಾಂಧೀಜಿಯ ಕಪ್ಪು ಅಮೃತಶಿಲೆಯ ಸಮಾಧಿಯ ಹತ್ತಿರ ಹೋಗುವಷ್ಟರಲ್ಲಿ ಗೈಡ್ ಕೂಗಿ ಕರೆದ. ಜೊತೆಗಿದ್ದ ನಮ್ಮ ಅತ್ತೆಗೆ ಅಲ್ಲಿ ನಿಂತು ಕೈಮುಗಿಯಲೂ ಆಗಲಿಲ್ಲ. ಅದೇ ಗೈಡ್ ಕರಕುಶಲ ವಸ್ತುಗಳ ಅಂಗಡಿಯಲ್ಲಿ ಒಂದು ಗಂಟೆ ಕೂರಿಸಿದ. ಅಲ್ಲಿ ಅವರಿಗೆ ಕಮಿಷನ್ ಇದೆ.

ಬಸ್ಸು ಹೋಗದ ಜಾಗವೇ ಮನಸ್ಸಿನಲ್ಲಿ ಉಳಿಯಿತು: ತೀಸ್ ಜನವರಿ ಮಾರ್ಗದ ಗಾಂಧಿ ಸ್ಮೃತಿ, ಹಳೆಯ ಬಿರ್ಲಾ ಹೌಸ್. ಗಾಂಧೀಜಿ ಕೊನೆಯ 144 ದಿನ ಇದ್ದದ್ದು ಇಲ್ಲೇ. 1948ರ ಜನವರಿ 30ರ ಸಂಜೆ ಅವರು ಕೋಣೆಯಿಂದ ಪ್ರಾರ್ಥನೆಗೆ ನಡೆದು ಹೋದ ದಾರಿಯುದ್ದಕ್ಕೂ ಹೆಜ್ಜೆ ಗುರುತು ಮಾಡಿದ್ದಾರೆ. ಗುಂಡು ತಗುಲಿದ ಜಾಗದಲ್ಲಿ ಕಲ್ಲಿನ ಕಂಬವಿದೆ. ಟಿಕೆಟ್ ಇಲ್ಲ, ನೂಕುನುಗ್ಗಲೂ ಇಲ್ಲ. ಅತ್ತೆ ಆ ಹೆಜ್ಜೆಗಳ ಪಕ್ಕದಲ್ಲೇ ನಿಧಾನಕ್ಕೆ ನಡೆದರು, ಯಾರೂ ಅವಸರ ಮಾಡಲಿಲ್ಲ. ಲೋಕ ಕಲ್ಯಾಣ ಮಾರ್ಗ ಮೆಟ್ರೋದಲ್ಲಿ ಇಳಿದು ಆಟೋ ಹಿಡಿಯಿರಿ. ಇಂದಿರಾ ಗಾಂಧಿ ಸ್ಮಾರಕವೂ ಅದೇ ಕಡೆ. ಆದರೆ ಅಲ್ಲಿ ಶಾಲಾ ಮಕ್ಕಳ ಸಾಲಿನ ನಡುವೆ ಸಿಕ್ಕರೆ ಏನೂ ನೋಡಲಾಗುವುದಿಲ್ಲ. ಎರಡೂ ಸೋಮವಾರ ರಜೆ.

ಇಂಡಿಯಾ ಗೇಟ್ ಸಂಜೆ ಜಾತ್ರೆ. ಬೆಳಿಗ್ಗೆ ಹೋಗಿ, ಅದರ ಹಿಂದಿರುವ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಸಮಯ ಕೊಡಿ. 2019ರಲ್ಲಿ ಉದ್ಘಾಟನೆಯಾದದ್ದು. ಸುತ್ತಿನ ಗೋಡೆಗಳ ಮೇಲೆ ಹುತಾತ್ಮರ ಹೆಸರುಗಳಿವೆ. ಪರಮವೀರ ಚಕ್ರ ಪಡೆದವರ ಪ್ರತಿಮೆಗಳಿರುವ ಪರಮ ಯೋಧ ಸ್ಥಳದಲ್ಲಿ ನಮ್ಮ ಕಾರವಾರದ ಕಡೆಯ ರಾಮ ರಾಘೋಬಾ ರಾಣೆಯವರ ಪ್ರತಿಮೆ ಹುಡುಕಿ ನೋಡಿ. 1948ರಲ್ಲಿ ಗುಂಡಿನ ಸುರಿಮಳೆಯ ನಡುವೆ ಜಮ್ಮು-ಕಾಶ್ಮೀರದ ನೌಶೇರಾ–ರಾಜೌರಿ ರಸ್ತೆಯ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದವರು.

ಅಲ್ಲಿಂದ ಊಟಕ್ಕೆ ಅಶೋಕ ರಸ್ತೆಯ ಆಂಧ್ರ ಭವನದ (ಆಂಧ್ರ ಸರ್ಕಾರದ ಅತಿಥಿಗೃಹ) ಕ್ಯಾಂಟೀನ್. ಬೆಣ್ಣೆ ತೇಲುವ ಪನೀರ್ ತಿಂದು ನಾಲಿಗೆ ಕೆಟ್ಟವರಿಗೆ ಇದು ಅಮ್ಮನ ಕೈರುಚಿ. ಟೋಕನ್ ತಗೊಂಡು ಕಾಯಬೇಕು, ಅಪರಿಚಿತರ ಮೇಜಿನಲ್ಲೇ ಕೂರಬೇಕು. ಪಪ್ಪು (ಆಂಧ್ರದ ಬೇಳೆ), ಸಾರು, ಪಲ್ಯ, ಪೂರಿ, ಮೊಸರು. ಬಿಸಿ ಅನ್ನಕ್ಕೆ ಚಟ್ನಿಪುಡಿ, ತುಪ್ಪ. ಬಡಿಸುವವರು ಕೇಳಿ ಕೇಳಿ ಹಾಕುತ್ತಾರೆ, ಬೆಲೆಯೂ ಕಡಿಮೆ. ಭಾನುವಾರ ಬಿರಿಯಾನಿಗೆ ವಿಪರೀತ ಜನ. ವಾರದ ನಡುವೆ, ಹನ್ನೆರಡೂವರೆಗೆ ಮೊದಲೇ ಹೋಗಿ.